ಪಟ್ಟಿಗೆ ಸೇರಿಸದ ಜಾಗ

ಸಂಸೆಯ ದಾರಿಯಲ್ಲಿ ನಾವು ಹೆಂಗಸರೇ ಸೇರಿ ಒಂದು ಕಟ್ಟೆ ಕಟ್ಟಿಸಿದ್ದೇವೆ. ಗಂಡನ ಕೈಯಲ್ಲೋ ಮನೆಯವರ ಕೈಯಲ್ಲೋ ಕೊಲೆಯಾದ ಈ ಸುತ್ತಿನ ಹೆಣ್ಣುಮಕ್ಕಳಿಗೆ ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಲ್ಲು. ಕಳೆದ ವರ್ಷ ಅದರ ಬಗ್ಗೆ ಡಾಕ್ಯುಮೆಂಟರಿ ಮಾಡಲು ಒಬ್ಬ ಹುಡುಗಿ ಕ್ಯಾಮೆರಾ ಹೊತ್ತು ಬಂದಳು. ಅಲ್ಲಿನ ಒಂದು ಕಲ್ಲು ನನ್ನ ಗೆಳತಿಯದು. ಹಾಗಾಗಿ ಗೆಳತಿ ಓಡಾಡಿದ ಜಾಗಗಳನ್ನು ಚಿತ್ರೀಕರಣಕ್ಕೆ ಪಟ್ಟಿ ಮಾಡಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅವಳನ್ನು ಕೊನೆಯ ಸಲ ನೋಡಿದ ಜಾಗವೊಂದನ್ನು ಬೇಕೆಂದೇ ಬಿಟ್ಟು ಬರೆದುಕೊಟ್ಟೆ.

ಮೊದಲು ಹುಡುಗಿಯನ್ನು ಕಾಫಿ ಎಸ್ಟೇಟಿಗೆ ಕರೆದೊಯ್ದೆ. ಹಣ್ಣು ಕೊಯ್ಯುವಾಗ ನಮ್ಮದು ಯಾವಾಗಲೂ ಅಕ್ಕಪಕ್ಕದ ಸಾಲು. ಅವಳದು ಚುರುಕು ಕೈ, ನನ್ನದು ಬರೀ ಬಾಯಿ. ತನ್ನ ಸಾಲು ಮುಗಿಸಿ, ಮೇಸ್ತ್ರಿ ಆಚೆ ತಿರುಗಿದ್ದೇ ತಡ, ನನ್ನ ಗಿಡಗಳಿಗೆ ನುಗ್ಗುತ್ತಿದ್ದಳು.

"ಕೈಗೆ ಲಕ್ವ ಹೊಡ್ದಿದ್ಯೇನೇ? ಸಂಜೆ ಬೈಸ್ಕೊಳ್ತೀಯ ನೋಡು ಮಾರಾಯ್ತಿ!"

ಆಮೇಲೆ ಕಣ. ಅಲ್ಲಿ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಒಣಗಲೆಂದು ಬರಿಗಾಲಲ್ಲಿ ಎಳೆಯುತ್ತಿದ್ದೆವು. ಅಂಗಾಲು ಸುಟ್ಟಾಗ ಇಬ್ಬರಿಗೂ ಸೇರಿ ಒಂದೇ ಜೊತೆ ಚಪ್ಪಲಿ, ಅದಕ್ಕಾಗಿ ದಿನಾ ಜಗಳ. ಗೆದ್ದವಳು ಅವಳೇ, ಆದರೆ ಹಾಕಿಕೊಂಡವಳು ಹೆಚ್ಚಾಗಿ ನಾನು. ಆ ದಿನಗಳನ್ನು ಈಗಲೂ ಯಾರಾದರೂ ಕೊಟ್ಟರೆ ಓಡಿ ಹೋಗಿ ಇಸಿದುಕೊಂಡೇನು.

ಹುಡುಗಿ ಎಲ್ಲವನ್ನೂ ಕ್ಯಾಮೆರಾದಲ್ಲಿ ತೆಗೆದುಕೊಂಡಳು. ಬಳಿಕ ಕೇಳಿದಳು, "ಅವರನ್ನ ಕೊಂದ ಮನೆ?"

"ಆ ಮನೇಲಿ ಅವ್ಳು ನಕ್ಕಿದ್ದೇ ಇಲ್ಲ. ನಾನ್ಯಾಕೆ ತೋರಿಸ್ಲಿ?" ಎಂದು ರೇಗಿದೆ.

"ಹೋಗಲಿ, ನೀವು ಕೊನೆಗೆ ಎಲ್ಲಿ ನೋಡಿದ್ರಿ?"

ನೆನಪಿಲ್ಲ ಎಂದೆ. ಹಸಿ ಸುಳ್ಳು.

ಮೂರನೇ ದಿನ ಜೀಪು ನಮ್ಮೂರ ಬಸ್‌ಸ್ಟಾಪ್ ದಾಟುವಾಗ ನನ್ನಿಂದ ತಡೆಯಲಾಗಲಿಲ್ಲ. ನಿಲ್ಲಿಸಿ ಎಂದೆ. ಇಳಿದು ನಿಂತು, ಯಾರಿಗೂ ಹೇಳದಿದ್ದನ್ನು ಕ್ಯಾಮೆರಾಕ್ಕೆ ಹೇಳಿದೆ.

ತಾಯಿಯಿಲ್ಲದ ಅವಳಿಗೆ ನನ್ನ ಮನೆಯೇ ತವರು. ಅಂದು ಗುರುವಾರ ಬಂದಿದ್ದಳು. ಕುತ್ತಿಗೆಯಲ್ಲಿ ಬೆರಳಿನ ಗುರುತು.

"ಎರಡು ದಿನ ಇಲ್ಲೇ ಇರ್ತೀನಿ ಕಣೇ," ಎಂದಳು.

ಎಲ್ಲರ ಮನೆ ದೋಸೆಯೂ ತೂತೇ ಎಂದೆ. ಶುಕ್ರವಾರ ತವರಿನಿಂದ ಹೆಣ್ಣುಮಕ್ಕಳನ್ನು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಶನಿವಾರದವರೆಗೆ ತಡವಾದರೆ ಗಂಡ ಇನ್ನಷ್ಟು ಕೆರಳುತ್ತಾನೆ, ಇವತ್ತೇ ಹೊರಡು ಎಂದು ಅವಸರ ಮಾಡಿದೆ. ಅಕ್ಕಿ, ತೆಂಗಿನಕಾಯಿ, ಕುಂಕುಮ ಇಟ್ಟು ಮಡಿಲು ತುಂಬಿದೆ. ಶಾಸ್ತ್ರಕ್ಕೆ ಒಂದೂ ಕಡಿಮೆ ಮಾಡಲಿಲ್ಲ. ಇದೇ ಬಸ್‌ಸ್ಟಾಪಿಗೆ ಕರೆತಂದೆ. ಶುಕ್ರವಾರ ಅವನು ಅವಳನ್ನು ಕೊಂದ. ಒಂದು ದಿನ ನಾನು ಸುಮ್ಮನಿದ್ದಿದ್ದರೆ ಆ ಪದ್ಧತಿಯೇ ಅವಳನ್ನು ನನ್ನ ಮನೆಯಲ್ಲಿ ಉಳಿಸುತ್ತಿತ್ತು.

ಹುಡುಗಿ ಕಣ್ಣೊರೆಸಿಕೊಂಡು, "ಇದನ್ನ ಬಿಟ್ಟುಬಿಡ್ಲಾ ಅಮ್ಮಾ?" ಎಂದಳು.

"ಬಿಡ್ಬೇಡ," ಎಂದೆ. "ಬಸ್ಸಿಗೆ ಕೈ ಅಡ್ಡ ಹಿಡ್ದಿದ್ದು ನಾನು. ಅವ್ಳು ಸುಮ್ನೆ ನಿಂತಿದ್ಲು."