ಗೂಳಪ್ಪನ ಹೆಪ್ಪು

ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಅರ್ಧ ಕಪ್ಪಿಗೇ ನಿಂತರೆ ಗಿರಾಕಿ ಕೇಳುತ್ತಾನೆ: "ಏನಪಾ, ಗೂಳಪ್ಪನ ಅಂಗಡಿ ಏನಿದು?" ಸುರಪುರದಲ್ಲಿ ಸೊಸೆ ಶೇಂಗಾಪುಡಿಗೆ ಎಣ್ಣೆ ಕಡಿಮೆ ಹಾಕಿದರೆ ಅತ್ತೆ, "ಗೂಳಪ್ಪನ ಮನಿಯಿಂದ ಬಂದಾಳ" ಎನ್ನುತ್ತಾಳೆ. ಯಾದಗಿರಿಯಲ್ಲಂತೂ ಜಿಪುಣ ಎಂಬ ಶಬ್ದಕ್ಕೆ ಕೆಲಸವೇ ಇಲ್ಲದಂತಾಗಿದೆ.

ಈ ಗೂಳಪ್ಪ ಒಂದು ಕತೆಯ ಮನುಷ್ಯ. ಬರೆದವನು ದೋರನಹಳ್ಳಿಯ ಭೀಮರಾಯ. ಏಳನೇ ಕ್ಲಾಸು ನಪಾಸು, ಭೀಮರಾಯನಗುಡಿ ಕ್ಯಾಂಪಿನಲ್ಲಿ ಕಾಲುವೆಯ ಗೇಟು ಎತ್ತಿ ಇಳಿಸುವ ದಿನಗೂಲಿ ನೌಕರ. ಕಚೇರಿಯ ಕಪಾಟಿನೊಳಗೆ ಹಾಸಿದ್ದ ಹಳೆ ಪೇಪರು ಓದಿ ಓದಿಯೇ ಬರೆಯಲು ಕಲಿತ. ಇಪ್ಪತ್ತು ವರ್ಷದಿಂದ ಒಂದು ವಾರಪತ್ರಿಕೆಗೆ ಅಂಕಣ ಬರೆಯುತ್ತಾನೆ. ಇಪ್ಪತ್ತು ವರ್ಷವೂ ಅದೇ ಸಿಟ್ಟು: ಮೇಲಿನ ಹೊಲದವರು ನೀರೆಲ್ಲ ಕಟ್ಟಿಕೊಂಡು, ಟೇಲ್ ಎಂಡಿನವರಿಗೆ, ಅಂದರೆ ಕಾಲುವೆಯ ತುದಿಯ ರೈತರಿಗೆ, ಹಸಿ ಮಣ್ಣಷ್ಟೇ ಬಿಡುತ್ತಾರೆ. "ಕಳ್ಳರು" ಎಂದು ಬರೆಯುತ್ತಾನೆ. ತಾನು ಮಾತ್ರ ಹಾಲಿನಲ್ಲಿ ತೊಳೆದವನೆಂಬ ಧಾಟಿ.

ಗೂಳಪ್ಪನ ಕತೆ ಇಷ್ಟು. ನೆರೆಮನೆಯವರು ಹೆಪ್ಪು ಕೇಳಿದರೆ ಒಂದು ಚಮಚ ಕೊಡುತ್ತಾನೆ. ಬೆಳಗಾದರೆ ಅದೇ ಚಮಚ ಹಿಡಿದು ಬಾಗಿಲಲ್ಲಿ ಹಾಜರು: "ನಿಮ್ಮ ಮೊಸರು ನೀವ ಉಣ್ರಿ, ನಮ್ಮ ಹೆಪ್ಪು ತಗದು ಕೊಡ್ರಿ." ಸುತ್ತಲಿನ ಊರಿನವರು ಇದನ್ನೇ ನಾಟಕ ಆಡಿದರು, ಹೊಟ್ಟೆ ಹಿಡಿದು ನಕ್ಕರು, ಹೆಸರನ್ನು ಮಾತಿನೊಳಗೆ ಎಳೆದುಕೊಂಡರು.

ಆದರೆ ಗೂಳಪ್ಪನನ್ನು ಹುಟ್ಟಿಸಿದ್ದು ಭೀಮರಾಯನಲ್ಲ, ಪಕ್ಕದ ಮನೆಯ ಸಾಯಬಮ್ಮ. ಮೆಣಸಿನಕಾಯಿ ಹೊಲದಲ್ಲಿ ಕಸ ತೆಗೆಯುವಾಗ ಹೆಣ್ಣಾಳುಗಳ ಬೇಸರ ಕಳೆಯಲೆಂದು ಸಾಲಿಗೊಂದು ಗೂಳಪ್ಪನ ಸುದ್ದಿ ಕಟ್ಟಿ ಹೇಳುತ್ತಿದ್ದಳು. ಭೀಮರಾಯ ಬೇವಿನ ನೆರಳಲ್ಲಿ ಕುಂತು ಕೇಳಿದ್ದ. ಆ ಮಾತನ್ನು ಮಾತ್ರ ಅವನು ಎಲ್ಲೂ ಬರೆದಿರಲಿಲ್ಲ.

ಹೋದ ತಿಂಗಳು ಸುರಪುರದಲ್ಲಿ ಅವನಿಗೆ ಸನ್ಮಾನ. ಶಾಲು ಹೊದಿಸಿದ ಮೇಲೆ ಮಾಸ್ತರೊಬ್ಬರು, "ಈ ಗೂಳಪ್ಪ ನಿಮಗ ಎಲ್ಲಿ ಸಿಕ್ಕಾನ್ರಿ?" ಎಂದು ಕೇಳಿದರು. ಮೂರನೇ ಸಾಲಿನಲ್ಲಿ ಸಾಯಬಮ್ಮ ರೊಟ್ಟಿಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಹೆಸರು ನಾಲಿಗೆಯ ತನಕ ಬಂತು. ಅಲ್ಲಿಗೆ ಗೇಟು ಬಿತ್ತು.

"ನನ್ನ ಬೆವರಿನಾಗ ಹುಟ್ಟ್ಯಾನ್ರಿ."

ಸಭೆ ಚಪ್ಪಾಳೆ ತಟ್ಟಿತು. ಸಾಯಬಮ್ಮನೂ ತಟ್ಟಿದಳು. ವಾಪಸ್ ಬಸ್ಸಿನಲ್ಲಿ ಒಂದೇ ಮಾತು ಕೇಳಿದಳು: "ಬೆವರು ಯಾವಾಗ ಬಂದಿತ್ತೋ ತಮ್ಮಾ? ನೀ ನೆಳ್ಳಾಗ ಕುಂತಿದ್ದಿ ಅಲ್ಲೋ."

ಶಾಲು ಮೈಮೇಲೆ ಜಾಲಿಮುಳ್ಳಾಯಿತು. ನೀರುಗಳ್ಳರನ್ನು ಬೈಯುವ ಬಾಯಿ ಇದೇನಾ! ಮೂರು ದಿನ ಉಂಡದ್ದು ಮೈಗೆ ಹತ್ತಲಿಲ್ಲ. ನಾಲ್ಕನೇ ದಿನ ತಪ್ಪೊಪ್ಪಿಗೆ ಬರೆದು, ಪತ್ರಿಕೆಗೆ ಕಳಿಸುವ ಮೊದಲು ಸಾಯಬಮ್ಮನ ಕಟ್ಟೆಗೆ ಹೋದ. ಓದಲು ಬಾರದ ಅವಳಿಗೆ ತಾನೇ ಓದಿ ಹೇಳಿದ. ತನ್ನ ಬಡತನದಿಂದ ಶುರು. ಆಮೇಲೆ ತನ್ನ ಓದು, ತನ್ನ ಹೋರಾಟ, ತನ್ನ ಆತ್ಮಸಾಕ್ಷಿಯ ಸಂಕಟ. ಓದುತ್ತ ಓದುತ್ತ ತನ್ನ ಮಾತಿಗೆ ತಾನೇ ತಲೆದೂಗಿದ. ಕೊನೆಗೆ: "ಈ ಕತೆಗೆ ಸಾಯಬಮ್ಮನ ನೆರವೂ ಇದೆ."

ಜೋಳ ಹಸನು ಮಾಡುತ್ತಿದ್ದ ಸಾಯಬಮ್ಮ ಮೊರ ನಿಲ್ಲಿಸಿದಳು.

"ಮುಗೀತೇನು?"

"ಮುಗೀತಕ್ಕಾ."

"ನನ್ನ ಹೆಸರು ಎಲ್ಲಿ ಬಂತು?"

"ಕಡೀಕ."

"ನನ್ನ ಹೊಲಾನೂ ಟೇಲ್ ಎಂಡಿಗೆ, ಹೆಸರೂ ಟೇಲ್ ಎಂಡಿಗೆ! ನೀರೆಲ್ಲಾ ಮ್ಯಾಲ ನೀನ ಕಟಗೊಂಡಿ. ಅದೂ ನೆರವು ಅಂತ, ನೆರವು! ಏ ಮಲ್ಲೇಶ್ವರಿ, ಬಾ ಇಲ್ಲಿ, ನಿನ್ನ ಗಂಡ ಚಮಚ ಹಿಡಕೊಂಡು ಬಂದಾನ!"

ಪಕ್ಕದ ಮನೆಯ ಬಾಗಿಲಿಗೆ ಬಂದ ಮಲ್ಲೇಶ್ವರಿ ಸೆರಗು ಬಾಯಿಗಿಟ್ಟು ನಕ್ಕಳು. "ನಿನಗ ಇವತ್ತು ಗೊತ್ತಾತೇನಕ್ಕಾ? ನಾ ಇಪ್ಪತ್ತೈದು ವರ್ಷದಿಂದ ಗೂಳಪ್ಪಗ ರೊಟ್ಟಿ ಬಡ್ಯಾಕತ್ತೀನಿ."

ಭೀಮರಾಯ ಹಾಳೆ ಹರಿದ. ಅದೇ ಕಟ್ಟೆಯ ನೆರಳಲ್ಲಿ ಕುಳಿತು ಹೊಸ ಹಾಳೆಯ ನೆತ್ತಿಗೆ ಬರೆದ: "ಗೂಳಪ್ಪನನ್ನು ಕಟ್ಟಿದವಳು ದೋರನಹಳ್ಳಿಯ ಸಾಯಬಮ್ಮ. ನಾನು ಕದ್ದು ಬರೆದೆ." ಓದಿ ಹೇಳಿದ. ಅವಳು ಹೂಂ ಎಂದು ಮೊರ ಎತ್ತಿಕೊಂಡಳು. ಕೆಳಗಿನ ಸಾಲಿಗೆ "ಆದರೂ ನಾನು" ಎಂದು ಪೆನ್ನು ತಾನಾಗಿಯೇ ಹರಿಯಿತು.

"ಮತ್ತೇನು ಬರ್ಯಾಕತ್ತಿ?"

ಎರಡೂ ಶಬ್ದ ಹೊಡೆದುಹಾಕಿದ. "ಏನಿಲ್ಲಕ್ಕಾ. ಮುಂದಿನ ಗೂಳಪ್ಪನ ಸುದ್ದಿ ನೀನ ಹೇಳು, ನಿನ್ನ ಹೆಸರಿಲೇ ಬರಕೋತೀನಿ."

"ಹಂಗಾದರ ಮೊದಲ ಎದ್ದು ಬಿಸಿಲಾಗ ಕುಂದ್ರು," ಎಂದಳು ಸಾಯಬಮ್ಮ.