ಹಿಂದಕ್ಕೆ ಹಾರಿದ ಮಂಗಟ್ಟೆ

ವಿಮಾನದ ಬಾಲದ ಮೇಲಿದ್ದ ಆ ಮಂಗಟ್ಟೆ ಹಕ್ಕಿ ನನ್ನದು. ಬಲಗಡೆ ಅದು ಹಿಂದುಮುಂದಾದದ್ದು ಮಾತ್ರ ನನ್ನಿಂದಲ್ಲ. ಇಷ್ಟು ವರ್ಷಗಳ ಮೇಲೂ ಇದನ್ನು ಬರೆಯುವಾಗ ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸು. ಟಿಳಕವಾಡಿ ಬಡಾವಣೆಯಲ್ಲಿ ಔಷಧ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಜಾಹೀರಾತು ಕಚೇರಿ. ಚಿತ್ರಕಲೆಯ ಡಿಪ್ಲೊಮಾ ಮುಗಿಸಿದ್ದ ನಾನು ಖಾನಾಪುರದಿಂದ ದಿನವೂ ರೈಲಿಗೆ ಬಂದು ಸೀರೆ ಅಂಗಡಿಗಳ, ಟ್ಯೂಷನ್ ಕ್ಲಾಸುಗಳ ಜಾಹೀರಾತು ಮಾಡುತ್ತಿದ್ದೆ. ಒಂದು ದಿನ ಮಾಲೀಕರು ಸಣ್ಣ ವಿಮಾನ ಕಂಪನಿಯೊಂದರ ಕೆಲಸ ಹಿಡಿದು ತಂದರು. ಕಂಪನಿಗೆ ಇದ್ದದ್ದು ಎರಡೇ ಪುಟ್ಟ ವಿಮಾನ, ಮೈಮೇಲೆ ಒಂದು ಮಾಸಿದ ನೀಲಿ ಪಟ್ಟಿ. ಅವರಿಗೆ ಹೊಸ ಲಾಂಛನ ಬೇಕಿತ್ತು, ವಿಮಾನದ ಮೈಗೆ ಹೊಸ ಬಣ್ಣ ಬೇಕಿತ್ತು.

ಲೋಂಡಾ ಸ್ಟೇಷನ್ನಿನಲ್ಲಿ ಗೋವಾ ಗಾಡಿಗೆ ಕಾಯುವಾಗ ಮಂಗಟ್ಟೆಗಳನ್ನು ನಾನು ಎಷ್ಟೋ ಸಲ ನೋಡಿದ್ದೆ. ಆ ದೊಡ್ಡ ಕೊಕ್ಕು ಚಾಚಿಕೊಂಡು, ರೆಕ್ಕೆಯ ಸದ್ದು ಕೆಳಗಿದ್ದವರಿಗೂ ಕೇಳುವಂತೆ ಹಳಿ ದಾಟಿ ಹೋಗುತ್ತಿದ್ದವು. ಮೂರು ವಾರ ಅದನ್ನೇ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಏಳೆಂಟು ಗೆರೆಗಳಲ್ಲಿ ಹಕ್ಕಿ ನಿಂತಿತು: ಕಪ್ಪು ಮೈ, ಹಳದಿ ಕೊಕ್ಕು. ವಿಮಾನದ ಎಡಗಡೆಗೆ ಒಂದು ಚಿತ್ರ, ಬಲಗಡೆಗೆ ಒಂದು ಚಿತ್ರ ಬರೆದು ಮಾಲೀಕರ ಮೇಜಿನ ಮೇಲಿಟ್ಟೆ. ಕಂಪನಿಯ ಮ್ಯಾನೇಜರೂ ಅಲ್ಲೇ ಕುಳಿತಿದ್ದರು.

ಮಾಲೀಕರು ಎರಡನೆಯ ಹಾಳೆಯನ್ನು ಎತ್ತಿ ನೋಡಿ ಹುಬ್ಬು ಗಂಟಿಕ್ಕಿದರು. "ಏ ತಂಗಿ, ಗುರ್ತು ಅಂದ್ರ ಒಂದಾ ಇರಬೇಕು. ಕನ್ನಡ್ಯಾಗ ನೋಡಿದಂಗ ಇದನ್ಯಾಕ ಉಲ್ಟಾ ಬರದಿ?"

"ಸರ್, ವಿಮಾನಕ್ಕ ಎರಡು ಬಾಜು ಇರತಾವ್ರಿ. ಎರಡೂ ಕಡೆ ಹಕ್ಕಿ ಮುಂದನ ನೋಡಬೇಕು. ನಮ್ಮಪ್ಪ ಲಾರಿಗೆ ಕುದುರಿ ಬರದ್ರೂ, ಎರಡೂ ಬಾಜೂಕ ಕುದುರಿ ಡ್ರೈವರ್ ಕಡೇನ ಓಡತಾವ್ರಿ."

"ಇದು ನಿಮ್ಮಪ್ಪನ ಲಾರಿ ಅಲ್ಲವಾ, ವಿಮಾನ ಐತಿ!"

ಇಬ್ಬರೂ ನಕ್ಕರು. ಮ್ಯಾನೇಜರಂತೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮಾಲೀಕರು ಆ ಹಾಳೆಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿ, ಉಳಿದ ಚಿತ್ರದ ಕೆಳಗೆ ಎರಡೂ ಕಡೆ ಇದೇ ಇರಲಿ ಎಂದು ಬರೆದು ಬಣ್ಣ ಹಚ್ಚುವವರಿಗೆ ಕಳಿಸಿದರು.

ಹೊಸ ಬಣ್ಣದ ವಿಮಾನ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿದ ದಿನ ನಮ್ಮನ್ನೂ ಕರೆದಿದ್ದರು. ಹೂವಿನ ಹಾರ, ತೆಂಗಿನಕಾಯಿ, ಪೇಢೆ ಎಲ್ಲ ಸಿದ್ಧವಿತ್ತು. ವಿಮಾನ ಎಡಗಡೆ ತೋರಿಸುತ್ತ ಬಂತು. ಬಿಸಿಲಿನಲ್ಲಿ ನನ್ನ ಹಕ್ಕಿ ಬಲು ಚೆಂದ ಕಂಡಿತು. ಆಮೇಲೆ ಅದು ತಿರುಗಿ, ಬಲಗಡೆ ನಮ್ಮತ್ತ ಮಾಡಿ ನಿಂತಿತು. ಕಂಪನಿಯ ಒಡೆಯರ ತಾಯಿ, ಹಾರ ಹಿಡಿದು ಮುಂದೆ ನಿಂತಿದ್ದ ಮುದುಕಿ, ತಲೆ ಎತ್ತಿ ನೋಡಿ ಕೇಳಿದರು: "ಅಲ್ಲೋ, ಈ ಹಕ್ಕಿ ಯಾಕ ಹಿಂದಕ ಹೊಂಟೈತಿ?"

ಒಡೆಯರ ಮುಖ ಕೆಂಪಾಯಿತು. ನಮ್ಮ ಮಾಲೀಕರು ಒಂದು ಕ್ಷಣವೂ ತಡಮಾಡಲಿಲ್ಲ. "ಹುಡುಗಿ ಹೊಸಾಕಿ ಅದಾಳ್ರಿ. ಗಡಿಬಿಡ್ಯಾಗ ಒಂದಾ ಚಿತ್ರಾ ಕೊಟ್ಟಾಳ."

"ಸುಳ್ಳ ಐತ್ರಿ ಅದು!" ನನ್ನ ದನಿಯ ಗುರುತು ನನಗೇ ಸಿಗಲಿಲ್ಲ. "ನಾ ಎರಡೂ ಬರದು ಕೊಟ್ಟಿದ್ದೆ. ಇವರ ಒಂದು ಹರದ ಹಾಕಿದ್ರು. ಮ್ಯಾನೇಜರ್ ಸಾಹೇಬ್ರೂ ಅಲ್ಲೇ ಇದ್ರು, ಕೇಳ್ರಿ ಅವರನ್ನ."

ಎಲ್ಲರೂ ಮ್ಯಾನೇಜರರತ್ತ ನೋಡಿದರು. ಅವರು ಗಡಿಯಾರದ ಪಟ್ಟಿ ಸರಿಮಾಡಿಕೊಂಡರು. "ನನಗೇನ ನೆನಪಿಲ್ರಿ."

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅವನು ಸೀಮೆಎಣ್ಣೆಯಲ್ಲಿ ಕುಂಚ ತೊಳೆಯುತ್ತ ಕೇಳಿದ. "ಬಣ್ಣಾ ಹಚ್ಚಾವರಿಗರೆ ಕಣ್ಣ ಇದ್ದಿದ್ದಿಲ್ಲೇನು?" ಮಗಳ ಮರ್ಯಾದೆ ಹೋದರೆ ಇವನಿಗೆ ಬಣ್ಣದವರ ಚಿಂತೆ ಎಂದು ಅವನ ಮೇಲೂ ಹರಿಹಾಯ್ದೆ. ಅವನು ಕುಂಚ ಒರೆಸಿ ಡಬ್ಬಿಯಲ್ಲಿಟ್ಟ. ಬಳಿಕ ಅಂದ: "ನಾಳೆ ಹೋಗಿ ಬಲಗಡೀದು ಮತ್ತ ಬರದು ಕೊಡು. ಹಕ್ಕೀದೇನು ತಪ್ಪೈತಿ?"

ಬರೆದುಕೊಟ್ಟೆ. ಮಾಲೀಕರು ಅದನ್ನು ಎತ್ತಿಕೊಂಡು ಖಾಲಿ ಹಾಳೆಯೊಂದನ್ನು ನನ್ನ ಕಡೆ ತಳ್ಳಿದರು. "ತಪ್ಪು ನಂದ ಅಂತ ಬರದು ಸಹಿ ಮಾಡು. ಕಂಪನಿಗೆ ಕಳಸಬೇಕು."

"ಹಕ್ಕಿ ತಗೋರಿ. ಸಹಿ ಮಾಡೂದಿಲ್ಲ."

"ಹಂಗಾರ ನಾಳಿಂದ ಬರಬ್ಯಾಡ."

ನನ್ನ ಬಣ್ಣದ ಡಬ್ಬಿ, ಸ್ಕೇಲು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದೆ. ಮುಂದಿನ ಜೂನ್‌ನಿಂದ ಖಾನಾಪುರದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸತೊಡಗಿದೆ. ವಿಮಾನದ ಬಾಲವನ್ನು ತಿದ್ದಿದರು. ಕೆಲವೇ ವರ್ಷಗಳಲ್ಲಿ ಕಂಪನಿಯೇ ಮುಚ್ಚಿತು.

ಅದಾದ ಬಹಳ ದಿನಗಳ ಮೇಲೆ, ಖಾನಾಪುರದ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಆ ಮ್ಯಾನೇಜರ್ ಎದುರಾದರು. ಕೂದಲು ಹಣ್ಣಾಗಿತ್ತು. ತಾವಾಗಿಯೇ ಹತ್ತಿರ ಬಂದು ನಗುತ್ತ ಹೇಳಿದರು: "ಮೇಡಮ್ಮಾರ, ಅವತ್ತ ನಿಮ್ಮದೇನೂ ತಪ್ಪಿದ್ದಿಲ್ಲ ಅಂತ ನನಗ ಗೊತ್ತಿತ್ರಿ."

"ಗೊತ್ತಿದ್ರ ಯಾಕ ಹೇಳಲಿಲ್ಲ?"

"ಏನ್ಮಾಡೂದ್ರಿ, ನಂದೂ ನೌಕರಿ ಇತ್ತಲ್ಲ."

ಮಾಲೀಕರ ಸುಳ್ಳಿಗಿಂತ, ಆ ಹರಿದ ಹಾಳೆಗಿಂತ ಈ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಇರಲಿ ಬಿಡ್ರಿ ಎಂದು ನಾನು ಹೇಳಲಿ ಎಂದು ಅವರು ಕಾಯುತ್ತಿದ್ದರು. ನಾನು ಕಾಯಿಪಲ್ಲೆಯವಳ ತಕ್ಕಡಿಗೆ ಬದನೆಕಾಯಿ ಹಾಕಿ, ಅವರಿಗೆ ಬೆನ್ನು ತಿರುಗಿಸಿ ನಿಂತೆ.