ಇಂದುಮತಿಯ ಎಡಗೈ

ಇಂದುಮತಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಕೊಚ್ಚಿಯ ಕಲೂರಿನ ಆರನೇ ಮಹಡಿಯ ಫ್ಲ್ಯಾಟಿನಿಂದ ಗಂಡ ವೆಂಕಟೇಶ ಆಫೀಸಿಗೆ ಹೊರಟು ಲಿಫ್ಟಿನ ಬಾಗಿಲು ಮುಚ್ಚಿತೆಂದರೆ ಅವಳ ತಿರುಗಾಟ ಶುರುವಾಗುತ್ತಿತ್ತು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮೇಲಿನಿಂದ ಕೆಳಗಿಳಿಸುವಳು, ಮರುದಿನ ಕೆಳಗಿನವನ್ನು ಮೇಲಕ್ಕೇರಿಸುವಳು. ಪೇಪರು ಅರ್ಧ ಓದಿ ಬಾಲ್ಕನಿಗೆ ಹೋಗುವಳು. ಕಂಬಗಳ ಮೇಲೆ ಮೆಟ್ರೋ ಹಾದುಹೋಗುವುದನ್ನು ನೋಡುತ್ತ ನಿಂತವಳು ಸ್ವಲ್ಪ ಹೊತ್ತಿಗೆಲ್ಲ ಚಪ್ಪಲಿ ಮೆಟ್ಟಿಕೊಂಡು ತಾನೇ ಆ ಮೆಟ್ರೋದೊಳಗೆ ನಿಂತಿರುವಳು. ಸೀಟು ಖಾಲಿಯಿದ್ದರೂ ಕೂರುವುದಿಲ್ಲ. ಕೊನೆಯ ನಿಲ್ದಾಣ ಆಲುವಾದವರೆಗೆ ಹೋಗಿ, ಸ್ಟೇಷನ್ನಿನಿಂದ ಹೊರಗೂ ಬಾರದೆ, ಅದೇ ದಾರಿಯಲ್ಲಿ ವಾಪಸು.

ಧಾರವಾಡದಲ್ಲಿ ಹುಟ್ಟಿ ಬೆಳೆದ ಅವಳು ಮದುವೆಯಾಗಿ ಬಂದದ್ದು ತಿರುವನಂತಪುರಕ್ಕೆ. ವೆಂಕಟೇಶ ಅಲ್ಲಿ ಬಾಹ್ಯಾಕಾಶ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ. ಅವಳು ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಅಲ್ಲಿಯೂ ಕುರ್ಚಿಯಲ್ಲಿ ಕೂತು ಪಾಠ ಮಾಡಿದವಳಲ್ಲ. ಬೋರ್ಡಿನಿಂದ ಕೊನೆಯ ಬೆಂಚಿಗೆ, ಕೊನೆಯ ಬೆಂಚಿನಿಂದ ಕಿಟಕಿಗೆ ಓಡಾಡುತ್ತಲೇ ಸಮೀಕರಣ ಬಿಡಿಸುತ್ತಿದ್ದಳು. ಆದರೆ ಅಲ್ಲಿ ಆ ಓಡಾಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಗಂಡ ಕೊಚ್ಚಿಯ ಇನ್ನೊಂದು ಕೇಂದ್ರ ಸಂಸ್ಥೆಗೆ ಬಂದಾಗ ಅವಳು ಕೆಲಸ ಬಿಟ್ಟಳು. ಮಗ ಧ್ರುವ ಎಂಜಿನಿಯರಿಂಗ್ ಓದಲು ತಿರುವನಂತಪುರದ ಹಾಸ್ಟೆಲಿನಲ್ಲೇ ಉಳಿದ. ಕೊಚ್ಚಿಯಲ್ಲಿ ನಲವತ್ತೇಳರ ಗಣಿತ ಟೀಚರನ್ನು ಕೇಳುವವರು ಯಾರೂ ಸಿಗಲಿಲ್ಲ.

ಹೊಲಿಗೆ ಕ್ಲಾಸಿಗೆ ಸೇರಿದಳು, ತೋಳು ಹಚ್ಚುವ ಮೊದಲೇ ಒಂದು ರವಿಕೆ ಅಲ್ಲಿಗೇ ನಿಂತಿತು. ವೀಣೆ ಹಿಡಿದಳು, ಬಿಟ್ಟಳು. ಧ್ಯಾನದ ಶಿಬಿರಕ್ಕೆ ಹೋದವಳು ಉಳಿದವರು ಸರಿಯಾಗಿ ಕಣ್ಣು ಮುಚ್ಚುವ ಮೊದಲೇ ಎದ್ದು ಬಂದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಸರಿಯಾಗಿದೆ, ಎಲ್ಲ ಸರಿಯಾಗಿದೆ ಎಂದರು. ಎಲ್ಲ ಸರಿಯಾಗಿದೆ ಎಂದದ್ದೇ ಅವಳಿಗೆ ಇನ್ನಷ್ಟು ಸಂಕಟವಾಯಿತು.

"ಒಂದೀಟ ಕೂಡು ನೋಡೂಣು," ಅನ್ನುತ್ತಿದ್ದ ವೆಂಕಟೇಶ, ಊಟದ ನಡುವೆ ಅವಳು ಎದ್ದಾಗಲೆಲ್ಲ. "ನಿನ್ನ ನೋಡಿದ್ರ ನನಗ ದಣಿವು ಬರ್ತದ."

"ನಾ ಎಲ್ಲೆ ಎದ್ದೆ? ಉಪ್ಪು ತರಲಿಕ್ಕೆ ಹೋದೆ."

"ಉಪ್ಪು ಇಲ್ಲೇ ಅದ ಅಲಾ."

ಒಂದು ಬೆಳಗ್ಗೆ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತ ಕಲೂರಿನ ಒಳಗಿನ ಓಣಿಯೊಂದರಲ್ಲಿ ಹೊರಟಿದ್ದಳು. ಎತ್ತರದ ಕಾಂಪೌಂಡಿನ ಆಚೆಯಿಂದ ಟಕ್, ಟಕ್ ಎಂದು ಸದ್ದು. ಗೇಟಿನ ಸಂದಿಯಲ್ಲಿ ನೋಡಿದರೆ ಟೆನಿಸ್ ಅಂಗಳ. ಅಜ್ಜ ಒಬ್ಬರು, ಹುಡುಗಿ ಒಬ್ಬಳು, ನಡುವೆ ಹಳದಿ ಚೆಂಡು. ಫೋನು ಕಿವಿಯಲ್ಲೇ ಇತ್ತು. ಅವ್ವ ಏನು ಹೇಳುತ್ತಿದ್ದಳೋ ಕೇಳಲಿಲ್ಲ. "ಅವ್ವ, ಆಮ್ಯಾಲೆ ಮಾಡ್ತೀನಿ" ಎಂದು ಇಟ್ಟಳು.

"ನೀವು ಕನ್ನಡದವರಾ?" ಎಂದು ಯಾರೋ ಕೇಳಿದರು.

ತಲೆಗೆ ಸ್ಕಾರ್ಫು ಬಿಗಿದು, ಅದರ ಮೇಲೆ ಬಿಸಿಲಿನ ಟೋಪಿ ಹಾಕಿಕೊಂಡ, ಐವತ್ತೈದರ ಆಸುಪಾಸಿನ ಹೆಂಗಸು. ಕೈಯಲ್ಲಿ ಚೆಂಡುಗಳ ಬುಟ್ಟಿ.

"ಹೌದ್ರಿ. ಧಾರವಾಡ."

"ನಾನು ಕಾಸರಗೋಡಿನವಳು ಮಾರಾಯ್ರೆ. ಹತ್ತನೇ ತನಕ ಕನ್ನಡ ಮೀಡಿಯಮ್ಮಲ್ಲೇ ಕಲಿತದ್ದು. ಇಲ್ಲಿ ಕನ್ನಡ ಮಾತಾಡ್ಲಿಕ್ಕೆ ಜನವೇ ಇಲ್ಲ. ಗೇಟಿನ ಹೊರಗೆ ಎಂತಕ್ಕೆ ನಿಂತದ್ದು? ಒಳಗೆ ಬನ್ನಿ."

ಅವರು ಜುಬೈದಾ. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸಿ ನಿವೃತ್ತರಾದವರು, ಈಗ ಇಲ್ಲಿ ಹೊಸಬರಿಗೆ ಟೆನಿಸ್ ಹೇಳಿಕೊಡುತ್ತಿದ್ದರು. ಎಲ್ಲರಿಗೂ ಅವರು 'ಟೀಚರ್'. ಮಾರನೆಯ ಬೆಳಗ್ಗೆ ಇಂದುಮತಿ ಹೊಸ ಬೂಟು ಹಾಕಿಕೊಂಡು ಹಾಜರಾದಳು.

"ರಾಕೆಟ್ ಯಾವುದು ತಗೊಳ್ಳಲಿ, ಟೀಚರ್?"

"ಇವತ್ತು ರಾಕೆಟ್ ಬೇಡ. ಮೊದಲು ಚೆಂಡಿನ ಪರಿಚಯ ಆಗ್ಲಿ."

ಟೀಚರ್ ಚೆಂಡು ಪುಟಿಸಿ ಬಿಡುವುದು, ಅದು ಒಂದು ಸಲ ನೆಲಕ್ಕೆ ತಾಗಿ ಮೇಲೆದ್ದಾಗ ಎರಡೂ ಕೈಯಲ್ಲಿ ಹಿಡಿಯುವುದು. ಮಕ್ಕಳ ಆಟದಂತಿತ್ತು, ಆದರೆ ಹತ್ತು ನಿಮಿಷಕ್ಕೆ ಕೊಚ್ಚಿಯ ಸೆಕೆಯಲ್ಲಿ ಅವಳ ಅಂಗಿ ಬೆನ್ನಿಗಂಟಿತು. ಮರುದಿನ ರಾಕೆಟ್ ಬಂತು. "ಬಿಗಿಯಾಗಿ ಹಿಡೀಬೇಡಿ. ಪರಿಚಯದವರ ಕೈ ಕುಲುಕ್ತೀರಲ್ಲ, ಹಾಗೆ ಹಿಡೀರಿ. ಚೆಂಡು ತಾಗುವಾಗ ಮಾತ್ರ ಬಿಗಿ." ನೆಟ್ಟಿಗೆ ಎದೆಯೊಡ್ಡಿ ನಿಲ್ಲದೆ ಪಕ್ಕಕ್ಕೆ ತಿರುಗಿ ನಿಲ್ಲಬೇಕು, ರಾಕೆಟ್ಟನ್ನು ಬೇಗ ಹಿಂದಕ್ಕೆ ಒಯ್ಯಬೇಕು, ಚೆಂಡಿಗಿಂತ ಕೆಳಗಿನಿಂದ ಮೇಲಕ್ಕೆ ಬೀಸಬೇಕು, ಹೊಡೆದ ಮೇಲೂ ಕೈ ನಿಲ್ಲಿಸದೆ ಹೆಗಲಿನವರೆಗೆ ಹೋಗಲು ಬಿಡಬೇಕು. ಅವಳಿಗೆ ಎಲ್ಲವೂ ತಲೆಗೆ ಹತ್ತಿತು, ಕೈಗೆ ಹತ್ತಲಿಲ್ಲ.

ಆದರೆ ಮೂರನೆಯ ದಿನ ಟೀಚರ್ ಹೇಳಿದ ಒಂದು ಮಾತಿಗೆ ಅವಳು ನಿಂತಲ್ಲೇ ಬೆರಗಾದಳು.

"ಕಾಲು ಊರಿ ನಿಲ್ಲಬೇಡಿ ಇಂದುಮತಿ! ಎದುರಿನವರು ಹೊಡಿಯುವ ಹೊತ್ತಿಗೆ ಒಂದು ಸಣ್ಣ ಹಾರು ಹಾರ್ಬೇಕು. ಆಮೇಲೆ ಎಲ್ಲಿಗೆ ಬೇಕಾದರೂ ಓಡ್ಲಿಕ್ಕೆ ಆಗ್ತದೆ. ಸುಮ್ಮನೆ ನಿಲ್ಲುದು ಅಂತ ಈ ಆಟದಲ್ಲಿ ಇಲ್ಲ."

ಹುಟ್ಟಿದಾಗಿನಿಂದ ಅವಳಿಗೆ ಎಲ್ಲರೂ ಹೇಳಿದ್ದು ಸುಮ್ಮನಿರು ಎಂದು. ಸುಮ್ಮನೆ ನಿಂತದ್ದಕ್ಕೆ ಬೈಸಿಕೊಂಡದ್ದು ಇದೇ ಮೊದಲು. ಅಂದು ಮನೆಗೆ ಬಂದು ಅನ್ನಕ್ಕಿಟ್ಟು, ಕುಕ್ಕರಿನ ಮುಂದೆ ತುದಿಗಾಲಲ್ಲಿ ಜಿಗಿಯುತ್ತ ನಿಂತಳು.

ಆ ಹುಮ್ಮಸ್ಸು ಮಳೆಗಾಲದವರೆಗೆ ಉಳಿಯಿತು. ಅಷ್ಟರಲ್ಲಿ ಅವಳ ಜೊತೆ ಸೇರಿದವರೆಲ್ಲ ಮುಂದೆ ಹೋಗಿದ್ದರು. ಬ್ಯಾಂಕಿನ ಮ್ಯಾನೇಜರೊಬ್ಬರು ಚೆಂಡನ್ನು ನೆಟ್ಟಿನ ಆಚೆಗೆ ಈಚೆಗೆ ಸಲೀಸಾಗಿ ಆಡಿಸುತ್ತಿದ್ದರು. ಇಂದುಮತಿಯ ಕಾಲು ಎಲ್ಲರಿಗಿಂತ ಮೊದಲು ಚೆಂಡಿನ ಹತ್ತಿರ ಹೋಗಿ ನಿಲ್ಲುತ್ತಿತ್ತು, ಆದರೆ ಬಲಗೈ ಅಲ್ಲಿ ಮರಗಟ್ಟಿಬಿಡುತ್ತಿತ್ತು. ಚೆಂಡು ಒಮ್ಮೆ ನೆಟ್ಟಿನ ಬುಡಕ್ಕೆ, ಒಮ್ಮೆ ಪಕ್ಕದ ಮನೆಯ ಹೆಂಚಿನ ಮೇಲೆ. ರಾತ್ರಿ ಮಲಗಿದರೆ ಮೊಣಕೈ ನೋಯುತ್ತಿತ್ತು. ಇದನ್ನೂ ಬಿಡುವ ಹೊತ್ತು ಬಂತು ಎಂದು ಅವಳಿಗೆ ಅನಿಸತೊಡಗಿತು.

ಆಗಸ್ಟಿನ ಒಂದು ಬೆಳಗ್ಗೆ, ಮಳೆ ಬಿಟ್ಟು ಅಂಗಳ ಒರೆಸಿ ಆಡುತ್ತಿದ್ದಾಗ, ಅವಳು ಬೇಲಿಯ ಹತ್ತಿರ ನೀರು ಕುಡಿಯುತ್ತಿದ್ದಳು. ಬಾಟಲಿ ಬಲಗೈಯಲ್ಲಿತ್ತು. ಪಕ್ಕದ ಅಂಗಳದಿಂದ ಗುರಿ ತಪ್ಪಿದ ಚೆಂಡು ಅವಳ ಕಿವಿಯ ಕಡೆಗೇ ಹಾರಿ ಬಂತು. "ನೋಡಿ!" ಎಂದು ಯಾರೋ ಕಿರುಚುವ ಮೊದಲೇ ಅದು ಅವಳ ಎಡ ಅಂಗೈಯಲ್ಲಿತ್ತು. ಬಾಟಲಿಯ ನೀರು ತುಳುಕಿರಲಿಲ್ಲ.

ಟೀಚರ್ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದರು. ಒಂದು ಚೆಂಡು ಅವಳತ್ತ ಎಸೆದರು, ಇನ್ನೊಂದು, ಮತ್ತೊಂದು. ಎಲ್ಲವೂ ಎಡಗೈಗೆ ಹೋಗಿ ಸೇರಿದವು.

"ನಿಮ್ಮ ಎಡಗೈ ನಿಮಗಿಂತ ಮೊದಲು ಹೊರಡ್ತದಲ್ಲ! ನೀವು ಎಡಚಿಯಾ?"

"ಇಲ್ಲ ಟೀಚರ್. ಬರಿಯೂದು, ಉಣ್ಣೂದು ಎಲ್ಲಾ ಬಲಗೈಲೇನ."

ಹಾಗೆಂದವಳು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು. ಎಷ್ಟೋ ವರ್ಷ ನೆನಪಿಗೇ ಬರದಿದ್ದುದು ಬಂದಿತ್ತು. ಹಳೆಯ ಇಳಕಲ್ ಸೀರೆಯ ಅಂಚು. ಅಜ್ಜಿ ಅದರಲ್ಲಿ ಅವಳ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟುತ್ತಿದ್ದಳು, ಬಲಗೈಯಲ್ಲಿ ಉಣ್ಣಲು ಕಲಿಯಲಿ ಎಂದು. ನೋವಾದದ್ದು ನೆನಪಿಲ್ಲ. ಬಲ ಮೊಣಕೈ ತುರಿಸುತ್ತಿದ್ದುದು, ಕೆರೆದುಕೊಳ್ಳಲಾಗದೆ ಅಂಗಳದ ತುಂಬ ಓಡಾಡುತ್ತಿದ್ದುದು ನೆನಪಿದೆ. ಎಲ್ಲವನ್ನೂ ಟೀಚರಿಗೆ ಹೇಳಿದಳು.

"ನಮ್ಮಲ್ಲಿಯೂ ಹಾಗೆಯೇ ಮಾಡ್ತಿದ್ರು," ಎಂದರು ಜುಬೈದಾ. "ಈಗ ನೋಡಿ, ಬಲಗೈಯಲ್ಲಿಯೇ ಮುಂದುವರಿಸಬಹುದು. ಇಲ್ಲದಿದ್ರೆ ಎಡಗೈಯಲ್ಲಿ ಮೊದಲಿಂದ ಶುರು ಮಾಡ್ಬೇಕು, ಚೆಂಡು ಪುಟಿಸುದರಿಂದ. ನಾನು ಹೇಳುದಿಲ್ಲ. ನೀವೇ ಯೋಚನೆ ಮಾಡಿ."

ಯೋಚಿಸಲು ಅವಳಿಂದ ಆಗಲಿಲ್ಲ. ಮನೆಗೆ ಹೋಗಿ ಎಡಗೈಯಲ್ಲಿ ಸೌಟು ಹಿಡಿದಳು, ಬಾಚಣಿಗೆ ಹಿಡಿದಳು, ಪೆನ್ನು ಹಿಡಿದು ಹೆಸರು ಬರೆದಳು, ಅಕ್ಷರಗಳು ಕುಂಟಿದವು. ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದೆ ಅವ್ವನಿಗೆ ಫೋನು ಮಾಡಿದಳು.

"ಅವ್ವ, ನಾ ಎಡಚಿ ಇದ್ದೆ ಅಲಾ?"

"ಈಗ್ಯಾಕ ಬಂತು ಆ ಮಾತು?"

"ಕೈ ಕಟ್ಟಿದ್ರಿ ನನ್ನ."

"ಎಡಗೈಲೆ ಆರತಿ ತಗೊಂಡ್ರ ಮಂದಿ ಏನಂತಾರ ಅಂತ ನಿಮ್ಮಜ್ಜಿಗೆ ಚಿಂತಿ. ಅವರ ಎದುರು ಮಾತಾಡೂ ಧೈರ್ಯ ನನಗ ಎಲ್ಲಿತ್ತವ್ವಾ?" ಅವ್ವ ಉಸಿರು ಬಿಟ್ಟಳು. "ಮಧ್ಯಾಹ್ನ ಅವರು ಮಲಗಿದ ಮ್ಯಾಲೆ ನಾ ಬಿಚ್ಚತಿದ್ದೆ. ಏಳೂದ್ರಾಗ ಮತ್ತ ಕಟ್ಟತಿದ್ದೆ. ಬಿಚ್ಚಿದ ಕೂಡ್ಲೆ ನೀ ಹಿತ್ತಲದಾಗ ಓಡಿ ಹೋಗಿ ಹುಣಸಿಕಾಯಿ ಕಲ್ಲಿಲೆ ಹೊಡಿತಿದ್ದಿ. ಒಂದೂ ತಪ್ಪತಿದ್ದಿಲ್ಲ."

ಇಂದುಮತಿಗೆ ಬೈಯಲು ಆಗಲಿಲ್ಲ, ಅಳಲೂ ಆಗಲಿಲ್ಲ. ಫೋನು ಹಿಡಿದುಕೊಂಡು ನಡುಮನೆಯ ಉದ್ದಕ್ಕೂ ನಡೆದಳು. ಅವ್ವ ಹುಣಸೆಮರದ ಸುದ್ದಿ ಹೇಳುತ್ತಲೇ ಇದ್ದಳು.

ಮರುದಿನ ಎಡಗೈಯಲ್ಲಿ ರಾಕೆಟ್ ಹಿಡಿದು ನಿಂತಳು. ಕನ್ನಡಿಯಲ್ಲಿ ಆಡಿದ ಹಾಗೆ ಎಲ್ಲವೂ ತಿರುಗಾಮುರುಗಾ. ಬಲ ಹೆಗಲನ್ನು ನೆಟ್ಟಿಗೆ ತಿರುಗಿಸುವುದು ಮರೆತು ಎಡ ಹೆಗಲು ತಿರುಗಿಸಿ ಸುತ್ತಿಕೊಳ್ಳುವಳು. ಮೊದಲಿಗಿಂತ ಕೆಟ್ಟದಾಗಿ ಆಡಿದಳು. ಬ್ಯಾಂಕ್ ಮ್ಯಾನೇಜರು ಕನಿಕರದಿಂದ ನೋಡಿದರು. ಆದರೆ ನಡುನಡುವೆ ಒಂದೊಂದು ಚೆಂಡು, ಅವಳು ಏನೂ ಯೋಚಿಸುವ ಮೊದಲೇ, ರಾಕೆಟ್ಟಿನ ನಟ್ಟನಡುವೆ ತಾಗಿ ಎದುರು ಮೂಲೆಗೆ ಹೋಗಿ ಬೀಳುತ್ತಿತ್ತು. ಆಗ ಕೈಗೆ ಭಾರವೇ ತಿಳಿಯುತ್ತಿರಲಿಲ್ಲ. ಆ ಒಂದಕ್ಕಾಗಿ ಉಳಿದವನ್ನೆಲ್ಲ ಹೆಕ್ಕಿ ತಂದು ಬುಟ್ಟಿಗೆ ಹಾಕುವಳು.

ಕೊನೆಗೆ ಬಂದದ್ದು ಆಟ ಶುರುಮಾಡುವ ಹೊಡೆತ, ಸರ್ವ್. "ಬಲಗೈಗೆ ಇನ್ನು ಬೇರೆ ಕೆಲಸ," ಎಂದರು ಟೀಚರ್. "ಚೆಂಡನ್ನು ಎಸೀಬೇಡಿ. ಎತ್ತರದ ಅಟ್ಟದ ಮೇಲೆ ಮೊಟ್ಟೆ ಇಟ್ಟ ಹಾಗೆ ಮೇಲಕ್ಕೆ ಬಿಡಿ. ಅದು ನಿಂತ ಹಾಗೆ ಕಾಣ್ತದಲ್ಲ, ಆಗ ಹೊಡೀರಿ." ಬಲಗೈ ಅದನ್ನು ನೀಟಾಗಿ ಮಾಡಿತು. ಇಷ್ಟು ವರ್ಷ ದುಡಿದ ಕೈ, ಅದರ ಮೇಲೂ ಅವಳಿಗೆ ಅಕ್ಕರೆ ಬಂತು.

ಜನವರಿಯಲ್ಲಿ ತಿರುವನಂತಪುರದ ಕ್ಲಬ್ಬೊಂದು ನಲವತ್ತು ದಾಟಿದ ಹೊಸ ಆಟಗಾರ್ತಿಯರಿಗೆ ಪಂದ್ಯ ಇಟ್ಟಿತು. ಟೀಚರ್ ಅವಳನ್ನು ಕೇಳದೆಯೇ ಹೆಸರು ಕೊಟ್ಟರು. ಕೊಚ್ಚಿಯ ಎರ್ನಾಕುಲಂ ಸ್ಟೇಷನ್ನಿನಿಂದ ಬೆಳಗಿನ ರೈಲಿನಲ್ಲಿ ಹೊರಟವಳು ಕೊಲ್ಲಂ ದಾಟುವವರೆಗೂ ಬಾಗಿಲ ಬಳಿ ನಿಂತೇ ಇದ್ದಳು. ಕ್ಲಬ್ಬಿನ ಗೇಟಿನಲ್ಲಿ ಧ್ರುವ ಕಾಯುತ್ತಿದ್ದ.

"ಟೆನ್ ಮಿನಿಟ್ಸ್ ನೋಡಿ ಹೋಗ್ತೀನಿ ಅಮ್ಮಾ. ಲ್ಯಾಬ್ ಇದೆ," ಎಂದ.

ಎದುರಾಳಿ ಸುಮಿತ್ರ ಎಂಬವರು, ಅಲ್ಲಿಯವರೇ. ಸರ್ಕಾರಿ ಕಚೇರಿಯ ಅಧಿಕಾರಿ, ಸೌಮ್ಯ ಮುಖ, ಬಂಡೆಯಂಥ ಬ್ಯಾಕ್‌ಹ್ಯಾಂಡು. ಒಂದೇ ಸೆಟ್ಟಿನ ಆಟ, ಆರು ಗೇಮು ಗೆದ್ದವರಿಗೆ ಸೆಟ್ಟು. ಮೊದಲ ಗೇಮಿನಲ್ಲಿ ಇಂದುಮತಿಗೆ ಒಂದು ಪಾಯಿಂಟೂ ಸಿಗಲಿಲ್ಲ. ಎರಡನೆಯದರಲ್ಲಿ ಎಡಗೈ ಬಿಸಿಯೇರಿತು. ಅವಳ ಚೆಂಡು ನಿರೀಕ್ಷೆಯ ಕಡೆಗೆ ಬಾರದೆ ಇನ್ನೊಂದು ಕಡೆಗೆ ಜಾರುವುದು ಕಂಡು ಸುಮಿತ್ರ ತಡವರಿಸಿದರು. ಮೂರು ಗೇಮು ಇವಳದು, ನಾಲ್ಕು ಅವರದು. ಎಂಟನೆಯ ಗೇಮು ಫಾರ್ಟಿ-ಫಾರ್ಟಿ ಆಯಿತು. ಅಲ್ಲಿಂದ ಸತತ ಎರಡು ಪಾಯಿಂಟು ಯಾರಿಗೆ ಬರುತ್ತದೋ ಗೇಮು ಅವರಿಗೆ.

ಸುಮಿತ್ರ ಚೆಂಡನ್ನು ಅವಳ ಬಲಕ್ಕೆ, ದೂರಕ್ಕೆ ತಳ್ಳಿದರು. ಎಡಗೈ ಅಲ್ಲಿಗೆ ಎಟುಕುವಂತಿರಲಿಲ್ಲ. ಓಡುತ್ತಲೇ ರಾಕೆಟ್ಟನ್ನು ಬಲಗೈಗೆ ಬದಲಿಸಿ ಬೀಸಿದಳು. ಚೆಂಡು ಗೆರೆಯ ಮೇಲೆ ಬಿತ್ತು. ಯಾರೋ ಚಪ್ಪಾಳೆ ತಟ್ಟಿದರು, ಸುಮಿತ್ರ ಕೈ ಎತ್ತಿ ಅಂಪೈರನ್ನು ಕೇಳಿದರು. ಕೈ ಬದಲಿಸಬಹುದೇ? ಬದಲಿಸಬಹುದು, ನಿಯಮದಲ್ಲಿ ಅಡ್ಡಿಯಿಲ್ಲ ಎಂದರು ಅಂಪೈರು. ಆ ಗೇಮು ಅವಳಿಗಾಯಿತು. ಮುಂದಿನ ಎರಡೂ ಸುಮಿತ್ರ ಗೆದ್ದರು. ಅವರೇ ಸೆಟ್ಟು ಗೆದ್ದರು.

ಧ್ರುವ ಹೋಗಿರಲಿಲ್ಲ. ಟವೆಲು ಹಿಡಿದು ನಿಂತಿದ್ದ.

"ಅಮ್ಮ ಇಡಂಕೈ ಆಯಿರುನ್ನೋ?" ಎಂದ, ಎಡಚಿಯಾಗಿದ್ದೆಯಾ ಎಂದು, ಗಾಬರಿಯಾದಾಗ ಬರುವ ತನ್ನ ಮಲಯಾಳದಲ್ಲಿ.

"ಹೌದಪಾ. ಮೊದಲಿಂದನೂ."

"ನನಗೆ ಯಾಕೆ ಹೇಳಿಲ್ಲ?"

"ನನಗೇ ಗೊತ್ತಿರಲಿಲ್ಲಲ್ಲೋ."

ಅವನು ನಗಬೇಕೋ ಬೇಡವೋ ತಿಳಿಯದೆ ಅವಳ ಎಡಗೈ ಹಿಡಿದು, ಅಂಗೈಯ ಬೊಕ್ಕೆಗಳನ್ನು ತಿರುಗಿಸಿ ನೋಡಿದ. ಕೊನೆಗೆ ಕನ್ನಡದಲ್ಲೇ, "ನೋವಾಗ್ತದಾ?" ಎಂದು ಕೇಳಿದ. ಅವಳು ಇಲ್ಲವೆಂದಳು. ಅದು ಸುಳ್ಳು.

ಮೊದಲ ಸುತ್ತಿನಲ್ಲಿ ಸೋತವರಿಗೂ ಒಂದು ಪಂದ್ಯವಿತ್ತು. ಮಧ್ಯಾಹ್ನ ಅದರಲ್ಲಿ ಅವಳು ಕೊಲ್ಲಂನ ಡಾಕ್ಟರೊಬ್ಬರ ಎದುರು ಆಡಿ, ಎಣಿಕೆ ತಪ್ಪುವಷ್ಟು ಸಲ ಎರಡೂ ಸರ್ವ್ ಕೆಡಿಸಿ ಡಬಲ್ ಫಾಲ್ಟ್ ಮಾಡಿ, ಹೇಗೋ ಗೆದ್ದಳು. ಗೆದ್ದದ್ದು ತಿಳಿದಾಗ ನೆಟ್ಟಿನ ಹತ್ತಿರ ಹೋಗಿ ಕೈ ಕೊಡುವುದನ್ನೂ ಮರೆತು ಹಿಂದಿನ ಗೆರೆಗೆ ಹೋಗಿ ಮುಂದಿನ ಸರ್ವಿಗೆ ನಿಂತಿದ್ದಳು. ಡಾಕ್ಟರೇ ನಗುತ್ತ ಅವಳಿದ್ದಲ್ಲಿಗೆ ಬಂದರು.

ಸಂಜೆಯ ರೈಲಿನಲ್ಲಿ ಬರುವ ಅವಳನ್ನು ಕರೆತರಲು ವೆಂಕಟೇಶ ಎರ್ನಾಕುಲಂ ಸ್ಟೇಷನ್ನಿಗೆ ಹೋಗುವವನಿದ್ದ. ಫೋನು ಮಾಡಿದ.

"ರೈಲು ಹತ್ತಿದಿಯೇನು?"

"ಇಲ್ಲರಿ. ನಾಳೆ ಮತ್ತೊಂದು ಆಟ ಅದ. ಧ್ರುವ ಉಳಕೊಳ್ಳಲಿಕ್ಕೆ ಜಾಗ ಹುಡುಕಲಿಕತ್ತಾನ."

"ಅಲ್ಲ, ಕೂತಾದ್ರೂ ಇದ್ದೀಯೇನು ಈಗ?"

ಅವಳು ಅಂಗಳದ ಬದಿಯಲ್ಲಿ, ದೀಪ ಹಚ್ಚುತ್ತಿದ್ದ ಹೊತ್ತಿನಲ್ಲಿ, ಚೆಂಡೊಂದನ್ನು ನೆಲಕ್ಕೆ ಪುಟಿಸುತ್ತ ನಿಂತಿದ್ದಳು. "ಇಲ್ಲ," ಎಂದು ಹೇಳಿ ಫೋನನ್ನು ಮಗನ ಕೈಗೆ ಕೊಟ್ಟಳು.